ಮಂಚದ ಕೆಳಗಿನ ವಾರ್ನಿಶ್

ಅಪ್ಪಾ,

ಹತ್ತು ಗಂಟೆಗೆ ವಿಮೆ ಕಂಪನಿಯವರು ನಿಮ್ಮ ಮರಗೆಲಸದ ಅಂಗಡಿ ನೋಡೋಕೆ ಬರ್ತಾರೆ. ನನ್ನ ಮಂಚದ ಕೆಳಗೆ ನೀವು ಬಚ್ಚಿಟ್ಟಿದ್ದ ಏಳು ವಾರ್ನಿಶ್ ಡಬ್ಬಿಗಳನ್ನೂ ನಿಮ್ಮ ಅಳಿಯನ ಕೈಲಿ ವಾಪಸ್ ಅಂಗಡಿಗೆ ಸಾಗಿಸಿದ್ದೀನಿ. ಪ್ರೀಮಿಯಂ ಗೊತ್ತುಮಾಡೋದೇ ಕೆಲಸವಾಗಿರೋ ಮಗಳ ಮಂಚವೇ ಬೇಕಿತ್ತಾ ನಿಮಗೆ?

ಎಲ್ಲಾ ತೋರಿಸಿ. ಹೋದ ವರ್ಷ ಗೋಡೆ ಸುಟ್ಟಿದ್ದನ್ನೂ ಹೇಳಿ. ಅಪಾಯ ನೋಡಿ ಪ್ರೀಮಿಯಂ ಸ್ವಲ್ಪ ಏರಿಸ್ತಾರೆ, ಮರಳಿನ ಬಕೆಟ್ ನೋಡಿ ಸ್ವಲ್ಪ ಇಳಿಸ್ತಾರೆ. ಮುಚ್ಚಿಟ್ಟರೆ ಮಾತ್ರ, ನಾಳೆ ಬೆಂಕಿ ಬಿದ್ದಾಗ ಕೈಯೆತ್ತಿಬಿಡ್ತಾರೆ.

ಡಬ್ಬಿಗಳ ಹಿಂದೆ ಅರ್ಧ ಕೆತ್ತಿದ ತೊಟ್ಟಿಲೂ ಸಿಕ್ಕಿತು. ಅದರ ಮೇಲೆ ಕೆತ್ತಿರೋ ಗಿಳಿಗಳು ತುಂಬಾ ಮುದ್ದಾಗಿ ಬಂದಿವೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡ್ತೀನಿ. ಹೊಟ್ಟೇಲಿರೋದು ಎರಡು ಅಂತ ಡಾಕ್ಟರು ನಿನ್ನೆ ಹೇಳಿದ್ರು. ಇನ್ನೊಂದು ತೊಟ್ಟಿಲಿಗೆ ಮರ ಎತ್ತಿಡಿ.