ಗುಂಡುಪಿನ್ನಿನ ಡಬ್ಬಿ ಕೊಟ್ಟ ತೀರ್ಪು

ಮನುಷ್ಯರ ರಕ್ತ ಬಳಸುವ ಪ್ರಯೋಗಗಳಿಗೆ ಅನುಮತಿ ಕೊಡುವ, ಅಥವಾ ಕೊಡದಿರುವ, ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ಸಂಶೋಧನಾ ವಿದ್ಯಾರ್ಥಿನಿ ಮೆಹರುನ್ನಿಸಾಳ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಾರಣ: 'ಮಾದರಿಯು ಹಾಲಿನಂತೆ ಒಡೆದಿರುತ್ತದೆ.' ಆ ಒಂದು ಸಾಲಿಗೆ ನಾವು ತಲೆ ಒಡೆದುಕೊಂಡೆವು; ಮಾದರಿ ಮಾತ್ರ ಒಡೆದಿರಲಿಲ್ಲ. ಇದೇ ಮೂವತ್ತೊಂದರೊಳಗೆ ಪರೀಕ್ಷೆ ಮುಗಿಯದಿದ್ದರೆ ಪ್ರಬಂಧ ಸಲ್ಲಿಸುವ ಅವಧಿ ತೀರಿ, ಆಕೆಯ ಮೂರು ವರ್ಷದ ದುಡಿಮೆ ಕಪಾಟು ಸೇರುತ್ತದೆ. ಆದ್ದರಿಂದ ಈ ಪತ್ರವನ್ನು ಲಕೋಟೆಗೆ ಹಾಕದೆ ಪತ್ರಿಕೆಗೆ ಹಾಕಿದ್ದೇನೆ.

ಈಕೆ ಇಂಡಿ ಪಟ್ಟಣದ ನಿಂಬೆ ವ್ಯಾಪಾರಿ ಗೈಬುಸಾಬರ ಮಗಳು. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಅಮೋನಿಯಾ ಹನಿಸಿ, ಮ್ಯಾಗ್ನೆಟ್ ಕಂಡರೆ ಓಡಿಬರುವ ಕಪ್ಪು ಕಣಗಳನ್ನು ಮಾಡಿದಳು. ಒಂದೊಂದೂ ಕೂದಲಿನ ದಪ್ಪದ ಎಂಟು ಸಾವಿರದಲ್ಲಿ ಒಂದು ಪಾಲು. ಬರಿಮೈಯಲ್ಲಿ ಬಿಟ್ಟರೆ ಅವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಥೇಟ್ ಸಮಿತಿಗಳ ಹಾಗೆ. ಅದಕ್ಕೆ ಸಿಟ್ರಿಕ್ ಆಮ್ಲದ ಅಂಗಿ ತೊಡಿಸಿದಳು. ಅಪ್ಪನ ನಿಂಬೆಯಲ್ಲಿರುವುದೂ ಅದೇ ಆಮ್ಲ. ಮುಂದೊಂದು ದಿನ ಈ ಕಣಗಳು ಔಷಧ ಹೊತ್ತು, ಮೈಹೊರಗೆ ಮ್ಯಾಗ್ನೆಟ್ ಹಿಡಿದ ಜಾಗಕ್ಕೇ ಹೋಗಿ ನಿಲ್ಲಬೇಕು. ಅದಕ್ಕೆ ಮೊದಲು ಅವು ರಕ್ತಕಣಗಳನ್ನು ಒಡೆಯುತ್ತವೆಯೋ ಇಲ್ಲವೋ ನೋಡಬೇಡವೇ? ನಾವು ಬೇಡಿದ್ದು ಅಷ್ಟಕ್ಕೇ ಅನುಮತಿ. ಬೇಕಾದದ್ದು ಎರಡು ಚಮಚ ರಕ್ತ. ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ನಾವು ಸುಟ್ಟುಕೊಂಡ ರಕ್ತ ಅದಕ್ಕಿಂತ ಹೆಚ್ಚು.

ಕಳೆದ ಸೋಮವಾರ ಸಿಂದಗಿಯಿಂದ ಬಸ್ಸು ಹತ್ತಿ ತಮ್ಮೆದುರು ಬಂದು ನಿಂತೆವು. "ನೋಡ್ರಿ ಮಾಸ್ತರ, ಕರೇದೆಲ್ಲಾ ಒಂದ ಮಗ್ಗಲಕ್ಕ, ನೀರೆಲ್ಲಾ ಒಂದ ಮಗ್ಗಲಕ್ಕ. ಒಡದ ಹಾಲು ಇದು. ಇದನ್ನ ಮಂದಿ ರಕ್ತದಾಗ ಹಾಕ್ತೀರೇನು?" ಎಂದಿರಿ. ಅರ್ಜಿಯ ಜೊತೆ ಕೊಟ್ಟಿದ್ದ ಮಾದರಿಯ ಬಾಟಲಿ ಹದಿನೈದು ದಿನದಿಂದ ತಮ್ಮ ಟೇಬಲ್ಲಿನ ಮೇಲೆ ಕೂತಿತ್ತು. ಅದಕ್ಕೆ ಒತ್ತಿಕೊಂಡು ಗುಂಡುಪಿನ್ನಿನ ಡಬ್ಬಿ. ಪಿನ್ನು ಚೆಲ್ಲದಿರಲೆಂದು ಬಾಯಿಗೆ ಮ್ಯಾಗ್ನೆಟ್ ಕೂಡಿಸಿದ್ದು.

ಮೆಹರುನ್ನಿಸಾ, "ಸಾಹೇಬ್ರ, ಈ ಡಬ್ಬಿ ಒಂಚೂರು ತಗೋಳ್ಲೇನ್ರಿ?" ಎಂದು ಅದನ್ನೆತ್ತಿ ಬಾಟಲಿಯ ಆಚೆ ಬದಿಗಿಟ್ಟಳು. ಕಪ್ಪೆಲ್ಲ ಮೆಲ್ಲಗೆ ಡಬ್ಬಿಯ ಬೆನ್ನು ಹತ್ತಿ ಹೊರಟಿತು. ಡಬ್ಬಿ ದೂರ ಸರಿಸಿ ಬಾಟಲಿ ಕುಲುಕಿದಳು: ಮತ್ತೆ ಒಂದೇ ಸಮ ಕಪ್ಪು. ತಮ್ಮ ಜವಾನ ಮೈಬೂಬ ಬಾಗಿಲಲ್ಲೇ ನಿಂತು, "ಯಪ್ಪಾ! ನಮ್ಮ ಫೈಲಿಗಿಂತ ಲಗೂ ಓಡತೈತಲ್ರಿ!" ಎಂದ. ತಾವೂ ನಕ್ಕಿರಿ. ನಕ್ಕು, "ಖರೇ ಐತಿ ಬಿಡವಾ. ಆದ್ರ ಏನ್ ಮಾಡೂದು? ಆರ್ಡರಿಗೆ ಸಹಿ ಬಿದ್ದೈತಲ್ಲ!" ಎಂದಿರಿ.

ಮಾನ್ಯರೇ, ಕಣ್ಣೆದುರೇ ಸುಳ್ಳಾದ ಮಾತು ಸಹಿ ಬಿದ್ದ ಮಾತ್ರಕ್ಕೆ ನಿಜವಾಗುತ್ತದೆಯೇ? ಓಡಲೆಂದೇ ಹುಟ್ಟಿದ ಕಣ ಓಡಿದ್ದು ಅಪರಾಧವೇ?

ಮರಳುವಾಗ ಬಸ್ಸಿನಲ್ಲಿ, "ಚಿಂತಿ ಬಿಡವಾ, ಪರೀಕ್ಷಾ ಆದ್ರ ಪಾಸ್ ಗ್ಯಾರಂಟಿ" ಎಂದು ಸಮಾಧಾನ ಹೇಳಹೋದೆ. ಆಕೆ ನನ್ನನ್ನೇ ತಿದ್ದಿದಳು: "ಪಾಸ್ ಅಂತ ಈಗ್ಲೇ ಹೆಂಗ ಅಂತೀರಿ ಸರ್? ಪರೀಕ್ಷಾ ಆಗ್ಲಿ. ರಕ್ತಕಣ ಒಡದ್ರ ಒಡದಾವಂತನ ಬರೀತೇನಿ."

ಆದ್ದರಿಂದ ಬರುವ ಸೋಮವಾರದೊಳಗೆ ಹಳೆಯ ಆದೇಶ ರದ್ದುಪಡಿಸಿ ಅನುಮತಿ ಕಳಿಸಿಕೊಡಿ. ಕ್ಷಮೆ ಬೇಡ, ವಿವರಣೆ ಬೇಡ. ತನ್ನ ಮೂರು ವರ್ಷದ ಕೆಲಸವೇ ತಪ್ಪೆಂದು ಕಂಡರೂ ಹಾಗೆಂದೇ ಬರೆಯಲು ಇಪ್ಪತ್ತಾರರ ಹುಡುಗಿ ಅಂಜುತ್ತಿಲ್ಲ. ತಾವು ಹೊಡೆದುಹಾಕಬೇಕಾದದ್ದು ಒಂದು ಸಾಲು.

ಇಂತಿ,
ಶಿಷ್ಯೆಗಿಂತ ಒಂದು ಕೈ ಕಡಿಮೆ ಧೈರ್ಯದ ಮಾರ್ಗದರ್ಶಕ,
ಖಂಡೆಪ್ಪ, ರಸಾಯನಶಾಸ್ತ್ರದ ಮಾಸ್ತರ
ಸಿಂದಗಿ, ಮಾರ್ಚ್ 2007