ಕಂಡಕ್ಟರನ ಕಣ್ಣಲ್ಲಿ ಓಡುವ ಬಸ್ಸು

ಶ್ರೀನಿವಾಸಪುರ
೧೮-೧೧-೧೯೭೯

ಚಿ. ಸೌ. ಶಾಮಲಳಿಗೆ, ಮಾಸ್ತಿಯಲ್ಲಿ ತಾಯಿಯ ಕೈಯಡುಗೆ ಉಂಡು ಗಂಡನನ್ನೇ ಮರೆತಿರುವವಳಿಗೆ, ಕದಿರೇಶ ಮಾಡುವ ಆಶೀರ್ವಾದ.

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಚಳಿ ಬಿದ್ದಿದೆ, ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹಿತ್ತಲಿಗೆ ಹೋಗಬೇಡ. ಮಗಳು ರಾತ್ರಿಯೆಲ್ಲ ಅಳುತ್ತಾಳೆಂದು ನಿನ್ನ ತಮ್ಮ ಹೇಳಿದ. ಅಳಲಿ ಬಿಡು, ಹತ್ತು ವರ್ಷ ಕಾಯಿಸಿ ಬಂದ ಮಹಾರಾಣಿ, ಯಾರೂ ಗದರಿಸಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಬರೆದಿದ್ದೇನೆ, ಆದರೆ ಪೂರ್ತಿ ನಂಬಬೇಡ.

'ನನಗಿಂತ ಆ ಬಸ್ಸೇ ನಿಮಗೆ ಹೆಚ್ಚು' ಎಂದು ನೀನು ಯಾವಾಗಲೂ ಮೂತಿ ತಿರುವುತ್ತಿದ್ದೆ. ಸುಳ್ಳೇನಲ್ಲ. ಬೆಳಿಗ್ಗೆ ಗಾಜು ಒರೆಸಿ, ಊದುಬತ್ತಿ ಹಚ್ಚಿ, ಡ್ರೈವರ್ ಸೀಟಿನಲ್ಲಿ ಕೂತರೆ ನಮ್ಮ ಬಸ್ಸಿನ ಧಣಿಗಳಿಗೂ ಇಲ್ಲದ ದೌಲತ್ತು ನನಗೆ. ಕೋಲಾರ ಮುಟ್ಟುವವರೆಗೆ ದಾರಿಯುದ್ದಕ್ಕೂ ಜನ ಹೆಸರು ಹಿಡಿದು ಮಾತಾಡಿಸುತ್ತಾರೆ. ಜೊತೆ ಕೆಲಸದವರೋ, ಒಡಹುಟ್ಟಿದವರೂ ಇಷ್ಟು ನೋಡಿಕೊಳ್ಳುವುದಿಲ್ಲ. ಮಗು ಹುಟ್ಟಿದ ಸುದ್ದಿ ಬಂದ ದಿನ ನಮ್ಮ ಕಂಡಕ್ಟರು ಕೋದಂಡರಾಮಪ್ಪ ಬಸ್ಸಿನಲ್ಲಿದ್ದವರಿಗೆಲ್ಲ ಸಕ್ಕರೆ ಹಂಚಿದ, ತಾನೇ ಹೆತ್ತವನ ಹಾಗೆ.

ಶಾಮಲಾ, ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ನೀನು ತವರಿಗೆ ಹೋದಾಗಿನಿಂದ ನನ್ನ ಕಣ್ಣು ಮಬ್ಬಾಗುತ್ತಿದೆ. ಮೊದಮೊದಲು ಬೆಳಗಿನ ಮಂಜು ಎಂದುಕೊಂಡೆ. ಬಿಸಿಲೇರಿದ ಮೇಲೆ ಊರಿನ ಮಂಜು ಹೋಯಿತು, ನನ್ನ ಕಣ್ಣಿನದು ಹೋಗಲಿಲ್ಲ. ಸೌದೆ ಒಲೆಯ ಹೊಗೆಯಲ್ಲಿ ನೋಡಿದ ಹಾಗೆ. ರಸ್ತೆ ಕಾಣುತ್ತದೆ, ರಸ್ತೆಯ ಮೇಲಿರುವುದು ತೀರಾ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಡಾಕ್ಟರ ಹತ್ತಿರ ಹೋಗಲು ಭಯ. ಅವರು ಇನ್ನು ಓಡಿಸಬೇಡ ಎಂದುಬಿಟ್ಟರೆ ಮುಗಿಯಿತು. ಸ್ಟೇರಿಂಗು ಹಿಡಿಯುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ? ಈ ಕೂಸನ್ನು ಏನು ಕೊಟ್ಟು ಸಾಕಲಿ?

ಕೋದಂಡರಾಮಪ್ಪನಿಗೆ ನಾನು ಹೇಳಿರಲಿಲ್ಲ, ಅವನೇ ಕಂಡುಹಿಡಿದ. ಈಗ ಟಿಕೆಟ್ಟು ಬೇಗ ಬೇಗ ಹರಿದು ಮುಗಿಸಿ ಮುಂದೆ ಬಂದು ನನ್ನ ಪಕ್ಕದಲ್ಲೇ ನಿಲ್ಲುತ್ತಾನೆ. ಹರಟೆ ಹೊಡೆಯುವವನ ಹಾಗೆ, 'ಎದುರುಗಾ ಬಂಡಿ ವಸ್ತಾ ಉಂದಿ ಅಣ್ಣಾ, ಗಾಡಿ ಬರ್ತಾ ಐತೆ', 'ಕುರಿಮಂದೆ ಕಣಣ್ಣೋ, ಮೆಲ್ಲಗಾ ಪೋ' ಎಂದು ತೆಲುಗು ಕನ್ನಡ ಬೆರೆಸಿ ಹೇಳುತ್ತಲೇ ಇರುತ್ತಾನೆ. ಎಂಥ ಎಚ್ಚರದ ಕಂಡಕ್ಟರು ಎಂದು ಜನ ಹೊಗಳುತ್ತಾರೆ. ಕತ್ತಲಾಗುವ ಹೊತ್ತಿನ ಟ್ರಿಪ್ಪನ್ನು ಇನ್ನೊಬ್ಬ ಡ್ರೈವರು ದೊಡ್ಡವೆಂಕಟಪ್ಪನವರು ನಾನು ಬಾಯಿಬಿಟ್ಟು ಕೇಳುವ ಮೊದಲೇ ತಾವು ತೆಗೆದುಕೊಂಡರು. ಕಣ್ಣಿಗೆ ಒಳ್ಳೆಯದೆಂದು ಅವರ ಮನೆಯಿಂದ ದಿನವೂ ಹೊನಗೊನ್ನೆ ಸೊಪ್ಪಿನ ಸಾರು ಬರುತ್ತದೆ. ತಿಂದು ತಿಂದು ಮೇಕೆಯಾಗಿದ್ದೇನೆ. ಇವರ ಋಣ ಯಾವ ಜನ್ಮದಲ್ಲಿ ತೀರಿಸುತ್ತೇನೋ ಗೊತ್ತಿಲ್ಲ.

ಮೊನ್ನೆ ಹೋಳೂರಿನ ಹತ್ತಿರ ಕೋದಂಡರಾಮಪ್ಪ ಯಾರದೋ ಚಿಲ್ಲರೆ ಜಗಳದಲ್ಲಿ ಸಿಕ್ಕಿಕೊಂಡು ಬಸ್ಸಿನ ನಡುವೆ ನಿಂತಿದ್ದ. ಪಕ್ಕದಲ್ಲಿ ಅವನಿಲ್ಲದೆ ಓಡಿಸುತ್ತಿದ್ದೆ, ರಸ್ತೆ ಖಾಲಿ ಎಂದೇ ಅಂದುಕೊಂಡಿದ್ದೆ. ಇದ್ದಕ್ಕಿದ್ದ ಹಾಗೆ ಅವನ ಸೀಟಿ, ಒಂದರ ಮೇಲೊಂದು. ಬ್ರೇಕು ತುಳಿದೆ. ಬಸ್ಸಿನ ಮೂತಿಗೆ ಮೊಳದ ದೂರದಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ಮಗು. 'ಏನ್ಲಾ, ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನ್ಲಾ?' ಎಂದು ಬಾಯಿಗೆ ಬಂದ ಹಾಗೆ ಬೈದಳು. ಬಸ್ಸಿನವರು ನಕ್ಕರು. ನಾನೂ ನಕ್ಕೆ. ಕೋದಂಡರಾಮಪ್ಪ ಕೆಳಗಿಳಿದು ಅವಳಿಗೆ ಕೈಮುಗಿದು, 'ಬಿಸ್ಲು ಕಣ್ಣಿಗೆ ಹೊಡೀತಮ್ಮಾ, ಯಾರಿಗಾದ್ರೂ ಆಗ್ತದೆ' ಎಂದು ಸಮಾಧಾನ ಮಾಡಿ ಕಳಿಸಿದ. ಅಂದಿನಿಂದ ಅನ್ನ ಸೇರುತ್ತಿಲ್ಲ. ಸೀಟಿಯ ಸದ್ದು ಕೇಳಿದರೆ ಕಾಲು ತಾನೇ ಬ್ರೇಕಿಗೆ ಹೋಗುತ್ತದೆ. ಬೈದು ಹೋಗುವವರೆಗೂ ಆ ತಾಯಿಯ ಮುಖ ನನಗೆ ಸರಿಯಾಗಿ ಕಂಡಿರಲೇ ಇಲ್ಲ.

ಅತ್ತೆ ಮಾವಂದಿರಿಗೆ ನಮಸ್ಕಾರ ತಿಳಿಸು. ಅವರಿಗೆ ಈ ಕಾಗದ ಓದಿ ಹೇಳಬೇಡ. ಮಗಳ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಮುನೇಶ್ವರ ನಿಮ್ಮಿಬ್ಬರನ್ನೂ ಕಾಪಾಡಲಿ.

ಇಂತು,
ನಿನ್ನ ಕದಿರೇಶ

ಬರೆಯಲು ಬಿಟ್ಟುಹೋದದ್ದು: ಮಗುವನ್ನು ಕರೆತರುವ ದಿನ ಕೋಲಾರದ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ನಿಂತಿರುತ್ತದೆ. ನಮ್ಮವರು ಮುಂದಿನ ಸೀಟು ಹಿಡಿದಿಟ್ಟು ನಿನ್ನನ್ನು ಕೂಗುತ್ತಾರೆ. ಹತ್ತಬೇಡ. ಅದರ ಹಿಂದೆ ಬರುವ ಗೌರ್ಮೆಂಟ್ ಬಸ್ಸಿಗೆ ಬಾ.

ಇಷ್ಟು ಬರೆದು ಮತ್ತೆ ಓದಿದೆ. ನನ್ನ ಮಗಳನ್ನು ಹತ್ತಿಸಲಾರದ ಬಸ್ಸಿಗೆ ಊರವರ ಮಕ್ಕಳನ್ನು ಯಾವ ಮುಖದಿಂದ ಹತ್ತಿಸಿಕೊಳ್ಳಲಿ? ನಾಳೆ ಬೆಳಿಗ್ಗೆ ಧಣಿಗಳಿಗೆ ಎಲ್ಲಾ ಹೇಳಿ ಕೀ ಕೊಟ್ಟುಬಿಡುತ್ತೇನೆ. ಅವರು ಬೈದರೆ ಬೈಯಲಿ. ನನಗೆ ಭಯವಿರುವುದು ಕೋದಂಡರಾಮಪ್ಪನದು. ಅವನು ಬಾಗಿಲಲ್ಲಿ ಅಡ್ಡ ನಿಂತು, 'ನಾನಿದ್ದೀನಲ್ಲಣ್ಣಾ, ಹತ್ತು' ಎಂದುಬಿಟ್ಟರೆ, ಹತ್ತಿಬಿಡುತ್ತೇನೆ ಕಣೇ.