ಏಳು ಸೆಕೆಂಡು ಕಾಯುವುದು

ಪ್ರೀತಿಯ ಚಿಕ್ಕಮ್ಮನಿಗೆ,

ನೀನು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ ನಿನಗೆ ಪತ್ರ ಬರೆಯುತ್ತಿದ್ದೇನೆ. ಇವಳಿಗೆ ತಲೆ ಕೆಟ್ಟಿದೆ ಅನ್ನಬೇಡ. ಕೆಟ್ಟಿದೆಯೋ ಇಲ್ಲವೋ ಎಂದು ಎರಡು ವಾರದಿಂದ ನಾನೇ ನನ್ನನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದೇನೆ.

ನಾನೀಗ ಎಂ.ಎ. ಓದುತ್ತಿದ್ದೇನೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವುದು ಹೇಗೆ ಎಂಬುದೇ ಓದು. ನಗು ಬಂತಲ್ಲವೇ? ನಿನಗೆ ನಾಲ್ಕು ವಾಕ್ಯ ಕಲಿಸಲಾಗದವಳು ನಾನು. ಅಮ್ಮ ಹೋದ ಮೇಲೆ ಅಪ್ಪನನ್ನು ಮದುವೆಯಾಗಿ ಈ ಪರದೇಶದ ನಮ್ಮ ಮನೆಗೆ ಬಂದವಳು ನೀನು. ಮೂರು ವರ್ಷ ನಿನ್ನೊಡನೆ ಮುಖ ಕೊಟ್ಟು ಮಾತಾಡದಿದ್ದ ನನ್ನನ್ನು ನೀನು ಗೆದ್ದುಕೊಂಡದ್ದೇ ಆ ಇಂಗ್ಲಿಷ್ ಪಾಠದಿಂದ. ನೀನು ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬಂದು ಅಡುಗೆಮನೆಯ ಮೇಜಿಗೆ ಕೂರುತ್ತಿದ್ದೆ. ನಾನು ಟೀಚರಮ್ಮ, ಹನ್ನೆರಡು ವರ್ಷದ ಬಾಯಿಬಡುಕಿ. ನಾನು ಪ್ರಶ್ನೆ ಕೇಳಿದರೆ ನೀನು ಉಗುರಿನಿಂದ ಮೇಜನ್ನು ಟಕ್ ಟಕ್ ಎಂದು ಬಡಿಯುತ್ತಾ ಪದ ಹುಡುಕುತ್ತಿದ್ದೆ. ಅದು ನಿನ್ನ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. "ಸ್ವಲ್ಪ ತಡಿಯೇ, ಬರ್ತಾ ಇದೆ," ಅನ್ನುತ್ತಿದ್ದೆ ನೀನು. ನಾನು ಯಾವತ್ತು ತಡೆದೆ?

ಈ ಓದಿನಲ್ಲಿ ಒಂದು ಪದ್ಧತಿಯಿದೆ. ವಾರಕ್ಕೆ ಮೂರು ಮಧ್ಯಾಹ್ನ ಹನ್ನೆರಡು ಜನ ದೊಡ್ಡವರಿಗೆ ಪಾಠ ಮಾಡಬೇಕು. ಬಸ್ ಚಾಲಕ, ಹೊಲಿಗೆಯಾಕೆ, ಇಬ್ಬರು ಅಡುಗೆಯವರು, ಹೀಗೆ. ಪಾಠವನ್ನೆಲ್ಲ ರೆಕಾರ್ಡ್ ಮಾಡಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಪ್ರತಿಯೊಂದು ಮಾತನ್ನೂ ಬರೆದು ಒಪ್ಪಿಸಬೇಕು. ಕಲಿಯುವವರಿಗೆ ಹೆಸರಿನ ಬದಲು ಒಂದರಿಂದ ಹನ್ನೆರಡರವರೆಗೆ ಅಂಕಿ. ಮೌನವನ್ನೂ ಬಿಡುವಂತಿಲ್ಲ, ಎಷ್ಟು ಸೆಕೆಂಡು ಎಂದು ಅಳೆದು ಬರೆಯಬೇಕು. ನನ್ನ ಮೊದಲ ಪಾಠವನ್ನು ನೋಡಿ ಪ್ರೊಫೆಸರಮ್ಮ ಕನ್ನಡಕ ತೆಗೆದಿಟ್ಟರು. ಇಡೀ ಒಂದು ಗಂಟೆಯಲ್ಲಿ ನಾನು ಯಾವ ಉತ್ತರಕ್ಕೂ ಪೂರ್ತಿ ಒಂದು ಸೆಕೆಂಡು ಕಾದಿರಲಿಲ್ಲ. "ಪ್ರಶ್ನೆ ಕೇಳಿದ ಮೇಲೆ ಬಾಯಿಗೆ ಬೀಗ ಹಾಕಿ. ಮನಸ್ಸಲ್ಲೇ ಏಳರ ತನಕ ಎಣಿಸಿ," ಎಂದರು.

ಮುಂದಿನ ಪಾಠ, ವೈದ್ಯರ ಬಳಿ ಮಾತಾಡುವುದು. ಎಲ್ಲಿ ನೋಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿ, ಬಾಯಿ ಮುಚ್ಚಿಕೊಂಡು ಎಣಿಸಿದೆ. ಯಾರೂ ಮಾತಾಡಲಿಲ್ಲ. ಹೊಲಿಗೆಯಾಕೆ ಮಾತ್ರ ಕಿಟಕಿ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, ಕೇಳಿಸಿತು ಎನ್ನುವಂತೆ ತಲೆಯಾಡಿಸಿದಳು.

ಮರುದಿನ ಬೆಳಗ್ಗೆ ಲ್ಯಾಬಿನಲ್ಲಿ ಕೂತು ರೆಕಾರ್ಡ್ ಕೇಳಿದೆ. ಹೊರಗೆ ಒಳ್ಳೆಯ ಬಿಸಿಲಿತ್ತು, ಪಕ್ಕದಲ್ಲಿ ಯಾರೋ ಸೇಬು ಕಚ್ಚುತ್ತಿದ್ದರು. ನನ್ನ ಪ್ರಶ್ನೆಯಾದ ಐದನೆಯ ಸೆಕೆಂಡಿಗೆ ಟಕ್ ಟಕ್. ಏಳನೆಯದಕ್ಕೆ ಒಂದು ಹೆಣ್ಣು ದನಿ, ನಿಧಾನವಾಗಿ, "ಹಿಯರ್" ಎಂದಿತು. ಇಲ್ಲಿ, ಎಂದು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ, ನಿನ್ನದೇ ದನಿ. ಬರೀ ದನಿಯಲ್ಲಿ ಎಲ್ಲಿ ಎಂದು ನೋಡುವುದು ಹೇಗೆ, ಚಿಕ್ಕಮ್ಮ?

ನಾನು ನೋಡಬಹುದಾಗಿದ್ದ ದಿನ ನೋಡಲಿಲ್ಲವಲ್ಲ. ಆಸ್ಪತ್ರೆಯ ಆ ಹಸಿರು ಕೋಣೆಯಲ್ಲಿ ವೈದ್ಯರಿಗೆ ನಮ್ಮ ಭಾಷೆ ಬಾರದು, ಮಧ್ಯೆ ನಾನೇ ದುಭಾಷಿ. ಇದೇ ಪ್ರಶ್ನೆಯನ್ನು ಅವರು ನಿನ್ನ ಮುಖ ನೋಡಿ ಕೇಳಿದರು. ನೀನು ಮೇಜಿನ ಅಂಚನ್ನು ಎರಡು ಸಲ ಬಡಿದೆ, ಕೈ ಎತ್ತಿದೆ. ಅಷ್ಟರಲ್ಲಿ ನಾನು, ಇವರಿಗೆ ಹೊಟ್ಟೆನೋವು ಎಂದು ಅರಳು ಹುರಿದಂತೆ ಇಂಗ್ಲಿಷಿನಲ್ಲಿ ಒದರಿ, ಜಂಬದಿಂದ ಅವರ ಮುಖ ನೋಡಿದೆ. ನಿನ್ನ ಕೈ ಎಲ್ಲಿಗೆ ಹೋಯಿತೆಂದು ನೋಡಲಿಲ್ಲ. ಹೊಟ್ಟೆಯ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮೂರನೆಯ ದಿನ ನಿನ್ನ ಹೃದಯ ನಿಂತಿತು. ಇದನ್ನು ಅಪ್ಪನಿಗೆ ಈವರೆಗೂ ಹೇಳಿಲ್ಲ.

ಬರೆದು ಒಪ್ಪಿಸುವಾಗ ಆ ದನಿಯನ್ನು ಬಿಟ್ಟೆ. ಮೌನ, ಏಳು ಸೆಕೆಂಡು ಎಂದಷ್ಟೇ ಬರೆದೆ. ಪ್ರೊಫೆಸರಮ್ಮ ರೆಕಾರ್ಡ್ ಕೇಳಿ ನನ್ನನ್ನು ಕರೆಸಿದರು. "ಹದಿಮೂರನೆಯವರನ್ನ ಯಾಕೆ ಬಿಟ್ರಿ? ತಡವಾಗಿ ಮಾತಾಡ್ತಾರೆ, ಆದ್ರೆ ಸರಿಯಾಗಿ ಮಾತಾಡ್ತಾರೆ." ಇಲ್ಲದವರನ್ನು ಸೇರಿಸುವುದು ಹೇಗೆ ಎಂದು ಅವರನ್ನು ಕೇಳುವ ಧೈರ್ಯ ಬರಲಿಲ್ಲ. ತಿದ್ದಿಕೊಡುತ್ತೇನೆ ಎಂದು ಎದ್ದು ಬಂದೆ.

ನಿನ್ನೆ ಅದೇ ಪಾಠವನ್ನು ಮತ್ತೆ ಮಾಡಿದೆ. ಕಿಟಕಿ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಹೊಲಿಗೆಯಾಕೆ ತಾನಾಗಿಯೇ ತೆಗೆದು ನೆಲಕ್ಕಿಟ್ಟಳು. ಪ್ರಶ್ನೆ ಕೇಳಿದೆ. ಏಳಾಯಿತು, ಹತ್ತಾಯಿತು, ಆದರೂ ಕಾದೆ. ಹನ್ನೆರಡು ಜನವೂ ನನ್ನೊಡನೆ ಕಾದರು. ನನಗೆ ಏನೂ ಕೇಳಿಸಲಿಲ್ಲ.

ಇವತ್ತು ಬೆಳಗ್ಗೆ ರೆಕಾರ್ಡಿನಲ್ಲಿ ಕೇಳಿಸಿತು. ಈ ಸಲ ನೀನು ಉತ್ತರ ಹೇಳಲಿಲ್ಲ. "ನಿಂಗೆಲ್ಲಿ ನೋಯುತ್ತೆ ಮಗಳೇ?" ಎಂದೆ, ನಮ್ಮ ಭಾಷೆಯಲ್ಲಿ, ಮೈಕಿಗೆ ಬಾಯಿಟ್ಟಷ್ಟು ಹತ್ತಿರದಿಂದ. ಆಮೇಲೆ ಉಗುರಿನ ಸದ್ದು. ಎಣಿಸಿದೆ, ಸರಿಯಾಗಿ ಏಳು. ನನ್ನ ಉತ್ತರಕ್ಕೆ ನೀನು ಕಾಯುತ್ತಿದ್ದೆ.

ಅದಕ್ಕೇ ಈ ಪತ್ರ. ಹೊಟ್ಟೆ ಎಂದು ನಾನು ಹೇಳಿದೆನಲ್ಲ ಚಿಕ್ಕಮ್ಮ, ಅಲ್ಲಿ, ಆ ಮಾತಿನಲ್ಲಿ, ನೋಯುತ್ತದೆ. ಹನ್ನೊಂದು ವರ್ಷದಿಂದ ನೋಯುತ್ತಿದೆ. ಭಾನುವಾರ ಅಪ್ಪನಿಗೂ ಹೇಳುತ್ತೇನೆ, ಅವರು ಏನಾದರೂ ಹೇಳುವವರೆಗೂ ಕಾಯುತ್ತೇನೆ. ನನ್ನ ವರದಿಯಲ್ಲಿ ಹದಿಮೂರನೆಯವರ ಸಾಲನ್ನೂ ಬರೆದು ಮುಗಿಸಿದ್ದೇನೆ.

ನಾಳೆ ಮಧ್ಯಾಹ್ನ ಮತ್ತೆ ಪಾಠವಿದೆ. ಕುರ್ಚಿ ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಬಂದರೆ ಕೂತುಕೋ, ಸಾಕಾಗಿದ್ದರೆ ನೆಮ್ಮದಿಯಾಗಿ ಹೋಗಿ ಬಾ. ನನ್ನ ತಲೆಯ ಮೇಲೆ ಮಾತ್ರ ನಿನ್ನ ಕೈಯಿರಲಿ.

ಕಡೆಗೂ ಕಾಯಲು ಕಲಿತ
ನಿನ್ನ ಟೀಚರಮ್ಮ